ಸೋಮವಾರದ ಡ್ರಿಲ್

ಶಿಡ್ಲಘಟ್ಟದ ಆ ಕಾಲೇಜಿನ ಡ್ರಿಲ್ ಮೇಷ್ಟ್ರಿಗೆ ಮೀಸೆ ಇತ್ತೆಂದು ನೆನಪು ಹೇಳುತ್ತದೆ; ನೆನಪೇ ಅಂಟಿಸಿದ ಮೀಸೆಯೂ ಇರಬಹುದು. ಮಾತಾಡುವಾಗ ಹಿಮ್ಮಡಿ ಕೂಡಿಸಿ ನಿಲ್ಲುತ್ತಿದ್ದುದು, "ನೋಡಿ ಬರ್ಕೊಳಪ್ಪ" ಎನ್ನುತ್ತಿದ್ದುದು ಮಾತ್ರ ಖಚಿತ.

ಎನ್‌ಸಿಸಿ ಕೆಡೆಟ್‌ಗಳ ಪಾಠ, ಹಾಜರಿ, ಶಿಬಿರದ ಫೋಟೊ ಎಲ್ಲ ಒಂದೆಡೆ ಸಿಗುವ ಆ್ಯಪ್ ಮಾಡಲು ನಾನು ಹೋಗಿದ್ದೆ. ಹಳೆಯ ಹಾಜರಿ ತುಂಬಿಸುವಾಗ ಸಾದಲಿಯ ಹುಡುಗಿಯೊಬ್ಬಳ ಹೆಸರು ಕೆಂಪಾಯಿತು. ಹಾಜರಿ ಸಾಲದು, ಸರ್ಟಿಫಿಕೇಟ್ ಪರೀಕ್ಷೆಗೆ ಕೂರುವಂತಿಲ್ಲ. ಮನೆಯಲ್ಲಿ ರೇಷ್ಮೆ ಹುಳ ಎಡೆಬಿಡದೆ ಸೊಪ್ಪು ತಿನ್ನುವ ದಿನಗಳಲ್ಲಿ ಅವಳು ಶನಿವಾರದ ಪರೇಡಿಗೆ ಬರುತ್ತಿರಲಿಲ್ಲ. ಮೇಷ್ಟ್ರು ಸೋಮವಾರ ಅವಳೊಬ್ಬಳಿಗೇ ಡ್ರಿಲ್ ಮಾಡಿಸಿ ಪುಸ್ತಕದಲ್ಲಿ ಹಾಜರಿ ಹಾಕುತ್ತಿದ್ದರು. ನನ್ನ ಆ್ಯಪ್‌ಗೆ ಶನಿವಾರ ಮಾತ್ರ ಗೊತ್ತಿತ್ತು.

"ಪರೇಡ್ ದಿನ ಬಂದ್ರೆ ಮಾತ್ರ ತಗೊಳ್ಳತ್ತೆ ಸಾರ್," ಎಂದೆ.

ಮೇಷ್ಟ್ರು ಹುಡುಗಿಯನ್ನು ಕರೆದು, "ಡ್ರಿಲ್ ಎಲ್ಲಾ ಮಾಡಿ ತೋರ್ಸಮ್ಮ ಇವ್ರಿಗೆ," ಎಂದರು. ಬಿಸಿಲಲ್ಲಿ ಅವಳು ಒಂದೊಂದಾಗಿ ಮಾಡಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ.

"ನೋಡಿದ್ಯಾ? ಬರ್ಕೊಳಪ್ಪ."

ಅಲ್ಲೇ ಮೆಟ್ಟಿಲ ಮೇಲೆ ಕೂತು ಆ್ಯಪ್‌ನಲ್ಲಿ ವಾರದ ಏಳೂ ದಿನ ತೆರೆದೆ. ಮೇಷ್ಟ್ರು ಪುಸ್ತಕ ನೋಡಿ ಒಂದೊಂದೇ ಸೋಮವಾರ ತುಂಬಿಸಿದರು. ಹೆಸರು ಹಸಿರಾಯಿತು.

"ಈ ಶನಿವಾರ ಬರ್ಲಾ ಸಾರ್?" ಎಂದಳು ಹುಡುಗಿ.

"ಹುಳ ಗೂಡು ಕಟ್ಟಿದ್ವಾ?"

"ಇನ್ನೂ ಇಲ್ಲ ಸಾರ್."

"ಮತ್ತೆ ಇಲ್ಲೇನಮ್ಮ ಕೆಲ್ಸ ನಿಂಗೆ? ಸೊಪ್ಪು ಹಾಕೋಗು."