ಒಳಕೋಣೆಯ ಊಟ

ಆ ಹುಡುಗಿ ಸುಳ್ಳು ಸುದ್ದಿ ಬರೆಯಲಿಲ್ಲ. ಅವಳ ಕೈಯಿಂದ ಬರೆಸಿದರು. ಬರೆಸಿದವರಲ್ಲಿ ನಾನೂ ಒಬ್ಬಳು.

ಹೋದ ವಾರ ಅಡುಗೆಮನೆಯ ಹಲಗೆ ಒರೆಸಲೆಂದು ನಾನೂ ಮೊಮ್ಮಗಳೂ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆವು. ಅವುಗಳ ಕೆಳಗೆ ಹಾಸಿದ್ದ ಹಳೆಯ ಪೇಪರು ಎತ್ತಿದ್ದೇ ತಡ, ಮೆಣಸಿನಪುಡಿ, ಎಣ್ಣೆ, ಮುಗ್ಗು ಎಲ್ಲ ಕಲೆತ ವಾಸನೆ ಎದ್ದಿತು. ಮೊಮ್ಮಗಳು ಸೀನಿದಳು. ನಾನು ಪೇಪರು ಹಿಡಿದುಕೊಂಡು ಅಲ್ಲೇ ಕೂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಸುದ್ದಿಯ ಮೇಲಿದ್ದ ಅವಳ ಹೆಸರನ್ನು ಮಾತ್ರ ಕೂಡಿಸಬೇಕಾಗಲಿಲ್ಲ...

ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಊಟದ ಹೋಟೆಲು. ಎದುರಿಗೆ ಬೆಂಚುಗಳು, ಹಿಂದೆ ಅಡುಗೆಮನೆ, ನಡುವೆ ಪರದೆ ಹಾಕಿದ ಒಂದು ಒಳಕೋಣೆ. ರಾಜಕೀಯದ ಮುಖಂಡರು ಪತ್ರಿಕಾಗೋಷ್ಠಿ ಮುಗಿಸಿ ಪೇಪರಿನವರನ್ನು ಊಟಕ್ಕೆ ಕರೆದುಕೊಂಡು ಬರುತ್ತಿದ್ದುದು ಆ ಕೋಣೆಗೆ. ಗೋಷ್ಠಿಯಲ್ಲಿ ಹೇಳುವುದು ರಸ್ತೆ, ಕುಡಿಯುವ ನೀರು. ನಿಜವಾದ ಸುದ್ದಿ ಹೊರಬೀಳುತ್ತಿದ್ದುದು ನನ್ನ ಕಡುಬು, ಕೋಳಿಸಾರಿನ ಎದುರಿಗೆ. ಅಲ್ಲಿ ಕೇಳಿದ್ದನ್ನು ನಾನು ಹೊರಗೆ ಆಡುತ್ತಿರಲಿಲ್ಲ. ಅವರು ನನ್ನಲ್ಲಿಗೇ ಬರುತ್ತಿದ್ದುದು ಅದಕ್ಕೆ. ಸಾರಿನ ರುಚಿ ಆಮೇಲಿನ ಮಾತು.

ಹುಡುಗಿ ಬೇಗಾರಿನ ಕಡೆಯವಳು. ಕೊಪ್ಪದಲ್ಲಿ ರೂಮು ಮಾಡಿಕೊಂಡು ಕೊಪ್ಪ, ಶೃಂಗೇರಿ, ನಮ್ಮೂರು ಎಂದು ಬಸ್ಸಿನಲ್ಲಿ ತಿರುಗುತ್ತ ಪೇಪರಿಗೆ ಬರೆಯುತ್ತಿದ್ದಳು. ಗಂಡಸರೆಲ್ಲ ಒಳಕೋಣೆಗೆ ಹೋದರೆ ಇವಳಿಗೆ ನಾನು ಒಲೆಯ ಪಕ್ಕ ಮಣೆ ಹಾಕುತ್ತಿದ್ದೆ. ಬಾಟಲಿ ಇಡುವ ಕಡೆ ಹೆಣ್ಣುಮಗಳಿಗೆ ಎಂತ ಕೆಲಸ ಅಂತ. ಎರಡು ತುಂಡು ಹೆಚ್ಚೇ ಬಡಿಸುತ್ತಿದ್ದೆ. ಹೊಗೆಗೆ ಅರ್ಧ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದಳು. ಕಡುಬಿನ ಹಬೆಯಾಚೆ ಅವಳ ಮುಖ ಒಂದು ಗಳಿಗೆ ಕಾಣುವುದು, ಒಂದು ಗಳಿಗೆ ಕರಗುವುದು... ಈಗಲೂ ನನ್ನ ನೆನಪಿಗೆ ಅವಳು ಬರುವುದು ಹಾಗೇ.

ಅವಳ ಹೆಸರಿನಲ್ಲಿ ಅಚ್ಚಾಗುತ್ತಿದ್ದುದು ರಂಗೋಲಿ ಸ್ಪರ್ಧೆ, ಶಾಲೆಯ ವಾರ್ಷಿಕೋತ್ಸವ. ರಾಜಕೀಯ ಬರೆದು ಕಳಿಸಿದರೆ ಅದನ್ನು ಆಫೀಸಿನವರು ಇನ್ನೊಬ್ಬ ವರದಿಗಾರನ ಕೈಗೆ ಕೊಟ್ಟು ಅವನ ಹೆಸರು ಹಾಕುತ್ತಿದ್ದರಂತೆ.

"ನಂಗೆ ರಂಗೋಲಿ ಹಾಕಕ್ಕೂ ಬರಲ್ಲ ಅಮ್ಮ. ಮೂರು ತಾಲ್ಲೂಕಿನ ರಂಗೋಲಿ ಬರ್ದಿದೀನಿ" ಎನ್ನುತ್ತಿದ್ದಳು.

ಆ ವರ್ಷ ಚುನಾವಣೆ ಹತ್ತಿರ ಬಂದಿತ್ತು. ಇವಳು ಮೇಲಿನವರ ಹತ್ತಿರ ಜಗಳಕ್ಕೇ ನಿಂತಳಂತೆ, ಅವನಿಗಾದರೆ ಕೊಡುತ್ತೀರಿ, ನನಗೆ ಯಾಕಿಲ್ಲ ಎಂದು. ಕೊನೆಗೆ ಅವರು, ಒಂದು ದೊಡ್ಡ ರಾಜಕೀಯ ಸುದ್ದಿ ಸರಿಯಾಗಿ ತಂದುಕೊಡು, ಚುನಾವಣೆ ಮುಗಿಯುವ ತನಕ ಮೂರೂ ತಾಲ್ಲೂಕು ನಿನಗೇ ಎಂದರು. ಈ ಮಾತನ್ನು ನನಗೆ ಹೇಳುವಾಗ ಅವಳು ಕಾಯಿ ತುರಿದುಕೊಡುತ್ತಿದ್ದಳು. ತುರಿಯುವುದನ್ನು ಮರೆತು ಕಡಿಯನ್ನು ಸುಮ್ಮನೆ ತಿರುಗಿಸುತ್ತಲೇ ಇದ್ದಳು.

ಅಷ್ಟರಲ್ಲಿ ಒಬ್ಬ ಮುಖಂಡರು ಪಕ್ಷ ಬಿಡುತ್ತಾರೆ ಎಂದು ಗುಸುಗುಸು ಎದ್ದಿತು. ಅವರೇ ಒಂದು ದಿನ ಗೋಷ್ಠಿ ಕರೆದು ಏನೂ ಹೇಳದೆ ಎದ್ದರು. ಎಲ್ಲರೂ ನಮ್ಮಲ್ಲಿಗೆ ಊಟಕ್ಕೆ ಬಂದರು. ಅವರ ಸಹಾಯಕ ಮೊದಲೇ ನನಗೆ ಹೇಳಿಟ್ಟಿದ್ದ, ಒಳಗೆ ಹೆಂಗಸರು ಬೇಡ, ಸಾಹೇಬರಿಗೆ ಮಾತು ಬಿಚ್ಚಿ ಆಡಕ್ಕಾಗಲ್ಲ ಅಂತ.

"ಅಮ್ಮ, ಇವತ್ತು ನಂಗೂ ಒಳಗೇ ಹಾಕಿ" ಎಂದಳು ಹುಡುಗಿ.

"ಅಲ್ಲಿ ಎಂತ ಇದೆ ಮಾರಾಯ್ತಿ? ಕುಡಿದು ಬಾಯಿಗೆ ಬಂದಿದ್ದು ಮಾತಾಡ್ತಾರೆ."

"ನಂಗೆ ಬೇಕಾಗಿದ್ದೇ ಅದು."

"ಬೇಡ ಅಂದ್ರೆ ಬೇಡ. ಕಡುಬು ಆರ್ತದೆ, ಕೂತ್ಕ."

ಕೂತಳು. ನಾನು ಸಾರಿನ ಪಾತ್ರೆ ಹಿಡಿದು ಒಳಗೆ ಹೋದೆ. ಮುಖಂಡರು ಮೂಳೆ ಚೀಪುತ್ತ, ದನಿ ತಗ್ಗಿಸಿ, "ಸೋಮವಾರ ಆ ಕಡೆ ಹೋಗ್ತಿದೀನಿ. ನಾಳೆ ಹಾಕ್ಕಳಿ. ನಾನು ಹೇಳ್ದೆ ಅಂತ ಮಾತ್ರ ಬರೀಬೇಡಿ" ಎಂದರು. ಆ ಮಾತು ಮುಗಿಯುವಷ್ಟರಲ್ಲಿ ಪರದೆಯ ಆಚೆಯಿಂದ ಅವಳ ದನಿ ಬಂತು.

"ಸರ್, ನೀವು ಪಕ್ಷ ಬಿಡ್ತೀರಂತೆ. ಹೌದಾ?"

ಒಬ್ಬ ಪೇಪರಿನವನು, "ಮೇಡಂ, ಇವತ್ತು ರಂಗೋಲಿ ಇಲ್ವಾ?" ಎಂದ. ಮುಖಂಡರು ಕೂತಲ್ಲಿಂದ ಏಳದೆ ದನಿ ಎತ್ತರಿಸಿ, "ಎಲ್ಲಿಗೂ ಹೋಗಲ್ಲ ತಂಗಿ. ಇದೇ ಪಕ್ಷದಲ್ಲಿ ಸಾಯೋನು ನಾನು. ಹೆಸರು ಹಾಕೇ ಬರ್ಕ" ಎಂದು ಉಳಿದವರಿಗೆ ಕಣ್ಣು ಹೊಡೆದರು. ಅಷ್ಟೂ ಜನ ತಟ್ಟೆಗೆ ತಲೆ ಬಗ್ಗಿಸಿದರು. ಭುಜ ಕುಣಿಯುತ್ತಿತ್ತು, ಸದ್ದಿಲ್ಲ.

ನಾನು ಅಡುಗೆಮನೆಗೆ ಬಂದೆ. ಅವಳು ಬರೆದುಕೊಳ್ಳುತ್ತಿದ್ದಳು. ತಲೆಯೆತ್ತಿ ಕೇಳಿದಳು.

"ಅಮ್ಮ, ನೀವು ಒಳಗಿದ್ರಲ್ಲ. ಬೇರೆ ಎಂತಾದ್ರೂ ಅಂದ್ರಾ ಅವ್ರು?"

"ನಂಗೆ ಎಂತ ಗೊತ್ತಾಗ್ತದೆ? ಓದಿದವಳಾ ನಾನು?"

ಅವಳು ನಂಬಿದಳು. ಹಿಂದಿನ ಬಾಗಿಲಲ್ಲಿ ನಿಂತು ಆಫೀಸಿಗೆ ಫೋನು ಮಾಡಿ ಒಂದೊಂದೇ ಸಾಲು ಓದಿ ಹೇಳಿದಳು. ನನ್ನ ತಲೆಯಲ್ಲಿ ಆ ಮಧ್ಯಾಹ್ನ ಮುಗಿಯುವುದೇ ಇಲ್ಲ. ಅವಳ ಬೆನ್ನ ಮೇಲೆ ಬಿಸಿಲು ಬಿದ್ದಿದೆ, ಭದ್ರೆಯ ಹಿನ್ನೀರಿನ ಕಡೆಯಿಂದ ತೆಳ್ಳಗೆ ಗಾಳಿ ಬರುತ್ತಿದೆ, ಅವಳ ಮಾತು ಎಲ್ಲೋ ನೀರಿನಾಚೆ ದಡದಿಂದ ಕೇಳಿದ ಹಾಗಿದೆ... ನಾನು ಹೋಗಿ ಆ ಭುಜ ಮುಟ್ಟಿ ನಿಲ್ಲಿಸಬೇಕು. ನಾಲ್ಕು ಹೆಜ್ಜೆ ಅಷ್ಟೇ. ಹೋಗುವುದಿಲ್ಲ.

ಬೆಳಗಾದರೆ ಉಳಿದ ಎಲ್ಲ ಪೇಪರಿನಲ್ಲಿ ಅವರು ಪಕ್ಷ ಬಿಡುವ ಸುದ್ದಿ, ಆಪ್ತ ಮೂಲಗಳು ಹೇಳಿದವಂತೆ. ಇವಳದರಲ್ಲಿ ಮಾತ್ರ ಬಿಡುವುದಿಲ್ಲ ಎಂದು. ರಾಜಕೀಯದ ಪುಟದಲ್ಲಿ ಮೊದಲ ಸಲ ಅವಳ ಹೆಸರು, ದಪ್ಪ ಅಕ್ಷರದಲ್ಲಿ. ಸೋಮವಾರ ಅವರು ಆ ಕಡೆ ಹೋದರು. ಚುನಾವಣೆಯ ಕೆಲಸ ಆ ಇನ್ನೊಬ್ಬನ ಪಾಲಾಯಿತು. ಹೆಣ್ಣುಮಕ್ಕಳಿಗೆ ಕೊಟ್ಟರೆ ಹೀಗೇ ಎಂದು ಪೇಪರಿನವರು ನನ್ನ ಒಳಕೋಣೆಯಲ್ಲೇ ಕೂತು ಹೇಳಿದರು. ನಾನು ಅವರಿಗೂ ಬಡಿಸಿದೆ.

ಅವಳು ಒಂದೇ ಸಲ ಮತ್ತೆ ಬಂದಳು. ಅಡುಗೆಮನೆಗೆ ಬರಲಿಲ್ಲ, ಎದುರಿನ ಬೆಂಚಿನ ಮೇಲೆ ಕೂತು ಟೀ ಕೇಳಿದಳು.

"ಸೋಮವಾರ ಅಂದಿದ್ದು ನಿಮಗೆ ಕೇಳಿತ್ತಾ?"

"ಕೇಳಿತ್ತು."

ತಲೆಯಾಡಿಸಿದಳು. ಬೈಯಲಿಲ್ಲ. ಟೀ ಮುಗಿಸಿ ಲೋಟವನ್ನು ತಾನೇ ತೊಳೆದಿಟ್ಟು ಕೊಪ್ಪದ ಬಸ್ಸು ಹತ್ತಿದಳು. ಬೈದಿದ್ದರೆ ಒಳ್ಳೆಯದಿತ್ತು. ಆ ಪೇಪರನ್ನು ನಾನು ಹಲಗೆಗೆ ಹಾಸಿದೆ. ಇಟ್ಟುಕೊಳ್ಳಬೇಕು ಅಂತಲ್ಲ, ಹಲಗೆಗೆ ಪೇಪರು ಬೇಕಿತ್ತು.

ಹೋದ ವಾರ ಅದು ಸಿಕ್ಕಿದ ಮಧ್ಯಾಹ್ನವೇ, ಅಂದು ಒಳಗೆ ಕೂತು ನಕ್ಕವರಲ್ಲಿ ಒಬ್ಬರು ಊಟಕ್ಕೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿದೆ. ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದೆ.

"ಯಾರು? ಓ, ರಂಗೋಲಿ ಮೇಡಮ್ಮಾ? ಪೇಪರ್ ಬಿಟ್ಟು ಎಷ್ಟೋ ವರ್ಷ ಆಯ್ತಲ್ಲ ಅಮ್ಮ. ಎಲ್ಲಿದ್ದಾರೋ" ಎಂದು ಸಾರಿಗೆ ತಟ್ಟೆ ಮುಂದೆ ಮಾಡಿದರು.

ಅಷ್ಟೇ ಉಳಿದಿದೆ ಅವಳದು ಈ ಊರಲ್ಲಿ. ತಪ್ಪಾಯ್ತು ಅನ್ನಲು ನನ್ನ ಹತ್ತಿರ ಅವಳ ನಂಬರೂ ಇಲ್ಲ. ಇದ್ದು, ಹಾಗೆ ಅಂದರೂ ಅವಳಿಗೆ ಆಗಬೇಕಾದ್ದು ಎಂತದೂ ಇಲ್ಲ.

ಅವತ್ತು ಸಂಜೆ ಯಾರೋ ಹೊಸ ಮುಖಂಡರ ಸಹಾಯಕ ಫೋನು ಮಾಡಿದ. ನಾಳೆ ಗೋಷ್ಠಿ, ಹತ್ತು ಊಟ, ಒಳಕೋಣೆ ಬೇಕು ಎಂದ. "ಪೇಪರಿನವರಲ್ಲಿ ಇಬ್ಬರು ಲೇಡೀಸ್ ಇದ್ದಾರೆ. ಅವರಿಗೆ ಅಡುಗೆಮನೇಲಿ ನಿಮ್ಮ ಹತ್ರನೇ ಹಾಕ್ಬಿಡಿ ಅಮ್ಮ, ಅವರಿಗೂ ಆರಾಮು." ಊಟ ಇದೆ, ಬನ್ನಿ ಎಂದು ಫೋನಿಟ್ಟೆ.

ಮರುದಿನ ಬೆಳಗ್ಗೆ ಒಲೆ ಹಚ್ಚುವ ಮೊದಲೇ ನಾನೂ ಮೊಮ್ಮಗಳೂ ಅಕ್ಕಿ ಮೂಟೆ, ಗ್ಯಾಸಿನ ಸಿಲಿಂಡರು, ಮುರುಕು ಕುರ್ಚಿ ಎಲ್ಲವನ್ನೂ ಎಳೆದು ತಂದು ಒಳಕೋಣೆಗೆ ಬಾಗಿಲ ತನಕ ತುಂಬಿದೆವು. ಆಮೇಲೆ ಎದುರಿನ ಬೆಂಚುಗಳನ್ನು ಒಂದಕ್ಕೊಂದು ಕೂಡಿಸಿ ಉದ್ದಕ್ಕೆ ಹತ್ತು ತಟ್ಟೆ ಇಟ್ಟೆ.