ಎ-ಫೋರ್ ಅಗಲಕ್ಕೆ ಹಿಡಿಸದ ಕಾಲಂ

ಹಿಂದೂಪುರದ ಒಂದು ಖಾಸಗಿ ಶಾಲಾ ಸಂಸ್ಥೆಯ ಕಚೇರಿಯಲ್ಲಿ ನನ್ನ ಕೆಲಸ. ವರ್ಗಾವಣೆ ಕೇಳುವ ಶಿಕ್ಷಕರ ಪಟ್ಟಿ ಪ್ರತಿ ಬೇಸಿಗೆಯಲ್ಲೂ ಒಂದೊಂದು ಶಾಲೆಯಿಂದ ಒಂದೊಂದು ಎಕ್ಸೆಲ್ ಶೀಟಾಗಿ ಬರುತ್ತದೆ. ಎಲ್ಲವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ ಕಾರ್ಯದರ್ಶಿಗಳ ಮುಂದಿಡಬೇಕು. ಕಲ್ಯಾಣದುರ್ಗದವರು ಮಾತ್ರ ಲೀಗಲ್ ಅಳತೆಯಲ್ಲಿ ಕಳಿಸುತ್ತಿದ್ದರು. ಅವರ ಬೀರುವಿನಲ್ಲಿ ಉದ್ದ ಹಾಳೆಯ ಬಂಡಲುಗಳು ಮುಗಿಯದೆ ಉಳಿದಿದ್ದವು.

ನಾನು ಸೇರಿದ ಮೊದಲ ವರ್ಷ ಕಾರ್ಯದರ್ಶಿಗಳು ಆ ಪಿಡಿಎಫ್‌ನ ಪ್ರಿಂಟನ್ನು ಎಲ್ಲರ ಮುಂದೆ ಎತ್ತಿ ಹಿಡಿದರು.

"ಏಮಮ್ಮಾ ಇದಿ! ಒಂದ್ ಹಾಳೆ ಪಂಚೆಯಷ್ಟೈತೆ, ಇನ್ನೊಂದು ಟವಲಷ್ಟೈತೆ. ಎಂ.ಎಸ್ಸಿ ಓದಿರೋಳು ಕಣಮ್ಮ ನೀನು."

ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಮರುವರ್ಷ ಶೀಟುಗಳನ್ನೆಲ್ಲ ಒಟ್ಟಿಗೆ ಆಯ್ದುಕೊಂಡು, ಎ-ಫೋರ್, ಅಡ್ಡ ಹಾಳೆ, ಎಲ್ಲ ಕಾಲಂಗಳೂ ಒಂದೇ ಪುಟದ ಅಗಲಕ್ಕೆ ಎಂದು ಸೆಟ್ಟಿಂಗ್ ಕೊಟ್ಟೆ. ಕಲ್ಯಾಣದುರ್ಗದ್ದೊಂದು ಕೈಕೊಟ್ಟಿತು. ಅವರ ಕೊನೆಯ ಕಾಲಂ 'ಕಾರಣ'. ಬೇರೆ ಶಾಲೆಗಳವರು ಆ ಕಾಲಂ ಇಟ್ಟೇ ಇರಲಿಲ್ಲ. ಇವರದನ್ನು ಅಗಲಕ್ಕೆ ಹಿಡಿಸಿದರೆ ಅಕ್ಷರಗಳು ಸಾಸಿವೆಯಷ್ಟಾಗುತ್ತಿದ್ದವು.

ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಅಲ್ಲಿನ ಕನ್ನಡ ಶಿಕ್ಷಕಿ ಹಿಂದಿನ ವಾರವಷ್ಟೇ ಫೋನ್ ಮಾಡಿದ್ದಳು. ಅವಳ ಎಂಟು ತಿಂಗಳ ಮಗು ರೊದ್ದಂನಲ್ಲಿ ಅವಳ ತಾಯಿಯ ಹತ್ತಿರ ಬೆಳೆಯುತ್ತಿತ್ತು. ರೊದ್ದಂಗೆ ಹತ್ತಿರವಿರುವ ಹಿಂದೂಪುರಕ್ಕೆ ವರ್ಗವಾದರೆ ದಿನವೂ ಸಂಜೆ ಮಗುವಿನ ಬಳಿಗೆ ಹೋಗಬಹುದಿತ್ತು.

"ಕಾರಣ ಉದ್ದ ಆಗೋಯ್ತಕ್ಕಾ, ಪರವಾಗಿಲ್ವಾ?" ಎಂದು ಕೇಳಿದ್ದಳು.

ಪರವಾಗಿಲ್ಲ ಎಂದಿದ್ದೆ.

ಆ ಕಾಲಂ ಪ್ರಿಂಟಿನಲ್ಲಿ ಬಾರದ ಹಾಗೆ ಪ್ರಿಂಟ್ ಏರಿಯಾದಿಂದ ಹೊರಗಿಟ್ಟೆ. ಶೀಟಿನಲ್ಲಿ ಇದ್ದೇ ಇದೆ, ಕೇಳಿದರೆ ತೋರಿಸಬಹುದು ಎಂದುಕೊಂಡೆ. ಪುಟಗಳೆಲ್ಲ ಒಂದೇ ಅಳತೆಯಲ್ಲಿ ಬಂದವು. "ಈಗ ನೋಡಮ್ಮ, ಅಚ್ಚು ಹಾಕ್ದಂಗೈತೆ" ಎಂದು ಕಾರ್ಯದರ್ಶಿಗಳು ಮೆಚ್ಚಿದರು. ಯಾರೂ ಏನೂ ಕೇಳಲಿಲ್ಲ. ಹಿಂದೂಪುರದಲ್ಲಿ ಖಾಲಿಯಿದ್ದ ಒಂದು ಜಾಗ ಹೆಚ್ಚು ವರ್ಷ ಸೇವೆಯಾದ ಬೇರೊಬ್ಬರಿಗೆ ಹೋಯಿತು.

ಆದೇಶ ಬಂದ ದಿನ ಅವಳು ಫೋನ್ ಮಾಡಿದಳು.

"ನಾನು ಕಾರಣಾನೇ ಕೊಟ್ಟಿಲ್ಲ ಅಂದ್ರಂತೆ?"

"ಹಾಳೆಗೆ ಹಿಡಿಸಲಿಲ್ಲ. ನಾನೇ ತೆಗೆದೆ."



"ಇನ್ನೊಂದು ಹಾಳೆ ಹಾಕ್ಬೋದಿತ್ತಲ್ಲಕ್ಕಾ."

ಹೌದು, ಹಾಕಬಹುದಿತ್ತು. ಆಗ ನನಗೆ ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಕಿದ್ದರೆ ಆ ಶಾಲೆಯದೊಂದೇ ಎರಡು ಪುಟ ಆಗುತ್ತಿತ್ತು; ಮತ್ತೆ ನಗುತ್ತಾರೆಂದು ಹಾಕಲಿಲ್ಲ. ಕಾರ್ಯದರ್ಶಿಗಳ ಬಳಿ ಹೋಗಿ ತಪ್ಪು ಒಪ್ಪಿಕೊಂಡೆ. "ಆರ್ಡರ್ ಹೋಗ್ಬುಟ್ಟೈತಲ್ಲಮ್ಮ, ಬರೋ ವರ್ಷ ನೋಡಾಣ" ಎಂದರು.

ಬರುವ ವರ್ಷಕ್ಕೆಂದು ಅವರು ನನ್ನ ಶೀಟನ್ನೇ ಮಾದರಿಯಾಗಿ ಎಲ್ಲ ಶಾಲೆಗಳಿಗೂ ಕಳಿಸಿದರು. ಅದರಲ್ಲಿ 'ಕಾರಣ' ಸೇರಿಸಿ ಎಂದು ಎರಡು ಸಲ ಕೇಳಿದೆ. "ಚೆನ್ನಾಗಿರೋದನ್ನ ಯಾಕಮ್ಮ ಕೆಡಿಸ್ತೀಯ?" ಎಂದರು.

ಈ ಬೇಸಿಗೆಯಲ್ಲಿ ಕಲ್ಯಾಣದುರ್ಗದ ಪಟ್ಟಿ ಎ-ಫೋರಿನಲ್ಲೇ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ. ಅಲ್ಲಿನ ಗುಮಾಸ್ತರಿಗೆ ಫೋನ್ ಮಾಡಿ ಕೇಳಿದೆ.

"ಫಾರಂ ಕೊಟ್ಟೆ ಮೇಡಂ, ವಾಪಸ್ ಕೊಟ್ಬುಟ್ರು. ಮಗು ಈಗ ಅವರ ಹತ್ತಿರ ಬರಕ್ಕೇ ಒಪ್ಪಲ್ವಂತೆ, ಅಜ್ಜಿ ಕೈ ಬಿಡಲ್ವಂತೆ. ಇನ್ಯಾಕೆ ಅಂದ್ರು."