ಕಡಾಯಿಯಲ್ಲಿ ಕಾದ ಸೊಲೆನಾಯ್ಡ್

ಶಹಾಪುರದ ನನ್ನ ಗ್ಯಾರೇಜಿನಲ್ಲಿ ಒಂದು ನಿಯಮವಿದೆ. ಇಂಜಿನ್ ಪೂರ್ತಿ ತಣ್ಣಗಾಗದೆ ಪಾನಾ ಹಚ್ಚುವಂತಿಲ್ಲ. ಭೀಮರಾಯನಗುಡಿಯ ಪ್ರೊಫೆಸರೊಬ್ಬರು ಬಹಳ ವರ್ಷಗಳಿಂದ ನನ್ನ ಗಿರಾಕಿ. ಗೇರು ತಾನೇ ಬದಲಾಗುವ ಅವರ ಹೊಸ ಕಾರು, ಸುರಪುರ ಮುಟ್ಟುವಷ್ಟರಲ್ಲಿ ಮೂರನೇ ಗೇರಿನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನಿಯಮದಂತೆ ಕಾರನ್ನು ರಾತ್ರಿಯಿಡೀ ಆರಲು ಬಿಟ್ಟೆ. ಬೆಳಿಗ್ಗೆ ಏಳಕ್ಕೆ ಗೇರ್‌ಬಾಕ್ಸಿನ ತಳ ಬಿಚ್ಚಿ, ಒಳಗಿನ ಎಣ್ಣೆಯನ್ನು ಬಿಟ್ಟು ತಡೆದು ಗೇರು ಬದಲಿಸುವ ವಿದ್ಯುತ್ ಕವಾಟಗಳಾದ ಸೊಲೆನಾಯ್ಡುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಬ್ಯಾಟರಿಯ ತಂತಿ ತಾಗಿಸಿದರೆ ಎಲ್ಲವೂ ಟಕ್ ಎಂದವು. ದೋಷವಿಲ್ಲವೆಂದು ಕಳಿಸಿದೆ.

ವಾರದೊಳಗೆ ಆ ಕಾರು ಎದುರಿನ ಗ್ಯಾರೇಜಿನಲ್ಲಿ ನಿಂತಿತ್ತು. ಅದರ ಯಜಮಾನ ನನ್ನ ಕೈಕೆಳಗೆ ಕೆಲಸ ಕಲಿತವನು, ಪಾನಾಗಳನ್ನು ಎಂದೂ ಅವುಗಳ ಜಾಗದಲ್ಲಿ ಇಟ್ಟವನಲ್ಲ. ಪ್ರೊಫೆಸರ್ ಅವನ ಪಕ್ಕ ಚಹಾ ಕುಡಿಯುತ್ತ ನಗುವುದನ್ನು ನೋಡಿ, ಕೈಯಲ್ಲಿದ್ದ ಪಾನಾವನ್ನು ಅದರ ಜಾಗದಲ್ಲಿಟ್ಟೆ. ರಸ್ತೆ ದಾಟಿ ಹೋದೆ.

ಅವನು ಕಡಾಯಿಯಲ್ಲಿ ಗೇರಿನ ಎಣ್ಣೆ ಕಾಯಿಸಿ, ಅದರೊಳಗೆ ಸೊಲೆನಾಯ್ಡುಗಳನ್ನು ಬಿಟ್ಟಿದ್ದ.

“ಮಿರ್ಚಿ ಭಜಿ ಕರ್ಯಾಕತ್ತೀ ಏನು?” ಎಂದೆ.

“ಬರ್ರಿ ಉಸ್ತಾದ, ನಿಮಗೂ ಒಂದು ಕೊಡ್ತೀನಿ,” ಎನ್ನುತ್ತ ಒಂದನ್ನು ಇಕ್ಕಳದಿಂದ ಎತ್ತಿ ತಂತಿ ತಾಗಿಸಿದ. ಅದು ಸದ್ದು ಮಾಡಲಿಲ್ಲ. “ತಣ್ಣಗಿದ್ದಾಗ ಮಾತಾಡ್ತೈತ್ರಿ, ಕಾದ ಮ್ಯಾಲ ಮೂಕ ಆಗ್ತೈತಿ. ಗಾಡಿ ತಣ್ಣಗ ಓಡ್ತೈತೇನ್ರಿ?”

ಮರುದಿನ ಮನೆಯಿಂದ ಹಳೆಯ ಕಡಾಯಿಯೊಂದನ್ನು ತಂದು, ಅವನಿಗೆ ಕಾಣದಂತೆ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ. ಪ್ರೊಫೆಸರ್ ಈಗ ಅವನ ಗಿರಾಕಿ. ಆ ಕಾರಿನ ಹಾರ್ನ್ ಕೇಳಿದರೆ ನಾನು ಇಂದಿಗೂ ಕೆಲಸ ಬಿಟ್ಟು ತಲೆ ಎತ್ತುತ್ತೇನೆ.